ಮನೆಯ ಗುಟ್ಟು

ಹಿಂದಿನ ಕಾಲದ ಗೃಹಸ್ಥನಿಗೆ ಮನೆಯ ಗುಟ್ಟನ್ನು ಕಾಪಾಡುವುದು ಅಷ್ಟೇನೂ ಕಷ್ಟದ ಕೆಲಸವಾಗಿರಲಿಲ್ಲ. ಬಾಗಿಲಿಗೆ ಅಗುಳಿ, ಪೆಟ್ಟಿಗೆಗೆ ಬೀಗ, ನಾಲಗೆಗೆ ಒಂದಿಷ್ಟು ಹತೋಟಿ ಇದ್ದರೆ ಸಾಕಾಗಿತ್ತು. ಯಜಮಾನರ ಸಂಬಳ, ಮಗಳ ವಯಸ್ಸು, ಅಜ್ಜಿಯ ಕಾಯಿಲೆ, ಇವುಗಳನ್ನು ಯಾರಿಗೆ ಹೇಳಬೇಕು, ಯಾರಿಗೆ ಹೇಳಬಾರದು ಎಂಬುದನ್ನು ಮನೆಯವರೇ ನಿರ್ಧರಿಸುತ್ತಿದ್ದರು. ಇಂದಿನ ಗೃಹಸ್ಥನ ಪಾಡು ಬೇರೆ. ಒಂದು ರವಿಕೆ ಕಣ ಕೊಂಡರೂ ಅಂಗಡಿಯಾತ ಮೊದಲು ಕೇಳುವುದು ಹಣವನ್ನಲ್ಲ, ಮೊಬೈಲ್ ಸಂಖ್ಯೆಯನ್ನು. ಆತ ಕೇಳುತ್ತಾನೆ, ಈತ ಹೇಳುತ್ತಾನೆ. ಏತಕ್ಕೆಂದು ಪ್ರಶ್ನಿಸಿದರೆ ಹಿಂದೆ ನಿಂತವರು ಏನೆಂದುಕೊಂಡಾರೋ ಎಂಬ ದಾಕ್ಷಿಣ್ಯ! ಆ ದಾಕ್ಷಿಣ್ಯದ ಬೆಲೆಯನ್ನು ಯಾವ ರಸೀತಿಯಲ್ಲಿಯೂ ಬರೆಯುವುದಿಲ್ಲ.

ಈ ಗುಟ್ಟಿಗೆ ಕಾನೂನಿನ ಆಸರೆ ದೊರೆಯಲು ಬಹುಕಾಲ ಹಿಡಿಯಿತು. ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬಾತನ ಮೇಲೆ ದರೋಡೆಯ ಆಪಾದನೆ ಬಂದು, ಸಾಕ್ಷ್ಯವಿಲ್ಲದೆ ಆತ ಬಿಡುಗಡೆ ಹೊಂದಿದ ತರುವಾಯವೂ ಪೊಲೀಸರು ರಾತ್ರಿಯ ಹೊತ್ತು ಆತನ ಮನೆಯ ಬಾಗಿಲು ತಟ್ಟುತ್ತಿದ್ದರು. 1962ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಪದ್ಧತಿಯನ್ನು ನಿಲ್ಲಿಸಿತು. ಆದರೆ ಖಾಸಗಿತನವೆಂಬ ಹಕ್ಕು ಸಂವಿಧಾನದಲ್ಲಿಲ್ಲವೆಂದು ಬಹುಮತದಿಂದ ಹೇಳಿತು. ನಿದ್ರೆಗೆ ರಕ್ಷಣೆ ದೊರೆಯಿತು, ಗುಟ್ಟಿಗೆ ದೊರೆಯಲಿಲ್ಲ.

ಅರ್ಧ ಶತಮಾನ ಕಳೆದ ಮೇಲೆ ಈ ವಿಷಯವನ್ನು ಮತ್ತೆ ಎತ್ತಿದವರು ಕನ್ನಡ ನಾಡಿನ ಒಬ್ಬ ವೃದ್ಧರು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು 2012ರಲ್ಲಿ, ತಮ್ಮ 86ನೆಯ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಸಂಸತ್ತು ಕಾನೂನು ಮಾಡುವ ಮೊದಲೇ ಪ್ರಜೆಯ ಬೆರಳಚ್ಚನ್ನೂ ಕಣ್ಣಿನ ಗುರುತನ್ನೂ ತೆಗೆದುಕೊಳ್ಳುವುದು ಹೇಗೆ ಎಂಬುದು ಅವರ ಪ್ರಶ್ನೆ. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠವು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಮರುವರ್ಷ ಆಧಾರ್ ಯೋಜನೆ ಉಳಿದುಕೊಂಡಿತಾದರೂ, ಬ್ಯಾಂಕಿನ ಖಾತೆಗೂ ಮೊಬೈಲಿಗೂ ಅದನ್ನು ಕಡ್ಡಾಯ ಮಾಡಕೂಡದೆಂದು ತೀರ್ಪಾಯಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು. ಅವರ ಹೆಸರಿನ ತೀರ್ಪು ಉಳಿದಿದೆ.

2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವನ್ನು ಅಂಗೀಕರಿಸಿತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಹೊರಬಂದವು; ಪ್ರಜೆಯ ಹಕ್ಕುಗಳು ಜಾರಿಗೆ ಬರಲು ಅಲ್ಲಿಂದ 18 ತಿಂಗಳ ಅವಧಿಯನ್ನು ಗೊತ್ತುಮಾಡಲಾಯಿತು. ಒಪ್ಪಿಗೆ ಬೇಡುವವರು ಯಾವ ವಿವರ, ಯಾವ ಉದ್ದೇಶಕ್ಕೆ ಎಂದು ಮೊದಲು ತಿಳಿಸಬೇಕು. ಆ ತಿಳಿವಳಿಕೆಯನ್ನು ಕನ್ನಡದಲ್ಲಿಯೇ ಪಡೆಯಲು ಅವಕಾಶವಿರಬೇಕು. ಕೊಟ್ಟ ಒಪ್ಪಿಗೆಯನ್ನು ಕೊಟ್ಟಷ್ಟೇ ಸುಲಭವಾಗಿ ಹಿಂದಕ್ಕೆ ಪಡೆಯಬಹುದು. ತನ್ನ ವಿವರ ಯಾರ ಕೈಗೆ ದಾಟಿದೆಯೆಂದು ವಿಚಾರಿಸಬಹುದು, ತಪ್ಪಿದ್ದರೆ ತಿದ್ದಿಸಬಹುದು, ಅಗತ್ಯ ತೀರಿದ ಮೇಲೆ ಅಳಿಸೆಂದು ಕೇಳಬಹುದು, ತನ್ನ ಕಾಲಾನಂತರ ಈ ಹಕ್ಕುಗಳನ್ನು ಚಲಾಯಿಸಲು ಒಬ್ಬರನ್ನು ನೇಮಿಸಬಹುದು. ವಿವರಗಳ ಭದ್ರತೆಯಲ್ಲಿ ಎಡವಿದವರಿಗೆ 250 ಕೋಟಿ ರೂಪಾಯಿಗಳವರೆಗೆ ದಂಡವುಂಟು. ಇಷ್ಟೆಲ್ಲ ಕೊಟ್ಟ ಕಾನೂನೇ, ತನ್ನ ಸಂಸ್ಥೆಗಳಿಗೆ ವಿನಾಯಿತಿ ನೀಡುವ ಅಧಿಕಾರವನ್ನು ಸರ್ಕಾರದ ಕೈಯಲ್ಲಿ ಇಟ್ಟಿದೆ. ಖರಕ್ ಸಿಂಗನ ಬಾಗಿಲು ತಟ್ಟಿದವರು ಅಂಗಡಿಯವರಲ್ಲವೆಂಬುದನ್ನು ಪ್ರಜೆಗಳು ಮರೆಯುವಂತಿಲ್ಲ.

ಆದರೂ ಸರ್ಕಾರವನ್ನಷ್ಟೇ ದೂರಿ ಫಲವಿಲ್ಲ. ಸೊಪ್ಪಿನ ಕಂತೆಯನ್ನು ಮೂರು ಸಲ ತಿರುಗಿಸಿ ನೋಡುವ ಗೃಹಿಣಿಯೂ, ಹಾಲಿನ ಲೆಕ್ಕದಲ್ಲಿ ಒಂದು ದಿನವನ್ನೂ ಬಿಡದ ಯಜಮಾನರೂ ಮೊಬೈಲಿನ ಒಪ್ಪಿಗೆಯ ಗುಂಡಿಯನ್ನು ಮಾತ್ರ ಓದದೆಯೇ ಒತ್ತುತ್ತಾರೆ. ಆ ಚೌಕಾಸಿಯ ಬುದ್ಧಿಯಲ್ಲಿ ಕಾಲುಭಾಗವನ್ನು ಇಲ್ಲಿ ವ್ಯಯಿಸಿದರೂ ಸಾಕು. 86ರ ಹಿರಿಯರೊಬ್ಬರು ದೆಹಲಿಯವರೆಗೆ ಒಯ್ದ ಪ್ರಶ್ನೆಯನ್ನು ತಮ್ಮ ಪಾಲಿಗೆ ಬಂದಲ್ಲಿ, ಮೆಲುದನಿಯಲ್ಲಿಯಾದರೂ ಕೇಳಿದರೆ ಯಾರ ಮರ್ಯಾದೆಗೂ ಕುಂದು ಬಾರದು.