ಬಜಪೆಯಿಂದ ಎಷ್ಟು ಹೊತ್ತು?

ಮಂಗಳೂರಿನ ಬಜಪೆ ವಿಮಾನ ನಿಲ್ದಾಣದಿಂದ ಬೆಂಗಳೂರಿಗೆ ನೇರ ಗೆರೆ ಎಳೆದರೆ ಸುಮಾರು 300 ಕಿ.ಮೀ. ವಿಮಾನದ ವೇಳಾಪಟ್ಟಿಯಲ್ಲಿ ಒಂದು ಗಂಟೆಯ ಮೇಲೆ ನಾಲ್ಕೈದು ನಿಮಿಷ. ಮುಂಬೈಗೆ 710 ಕಿ.ಮೀ., ಒಂದೂವರೆ ಗಂಟೆ ಚಿಲ್ಲರೆ. ದುಬೈಗೆ ಸುಮಾರು 2,450 ಕಿ.ಮೀ., ಹೆಚ್ಚುಕಡಿಮೆ ಮೂರೂಮುಕ್ಕಾಲು ಗಂಟೆ. ದೂರ ಎಂಟು ಪಟ್ಟಾದರೂ ಹೊತ್ತು ನಾಲ್ಕು ಪಟ್ಟೂ ಆಗುವುದಿಲ್ಲ. ಯಾಕೆ ಹೀಗೆ?

*

ಕಳೆದು ನೋಡಿದೆ. ಬೆಂಗಳೂರಿಗಿಂತ ಮುಂಬೈ 400 ಕಿ.ಮೀ. ಹೆಚ್ಚು ದೂರ, ಅದಕ್ಕೆ ಹೆಚ್ಚು ಹಿಡಿಯುವುದು ಅರ್ಧ ಗಂಟೆ. ಅಂದರೆ ಗಂಟೆಗೆ 800 ಕಿ.ಮೀ., ಜೆಟ್ ವಿಮಾನದ ನಿಜವಾದ ಓಟ. ಆ ಓಟಕ್ಕೆ ಬೆಂಗಳೂರು ಇಪ್ಪತ್ತಮೂರು ನಿಮಿಷದ ದಾರಿ. ಉಳಿದ ನಲವತ್ತು ನಿಮಿಷ ಎಲ್ಲಿ ಹೋಗುತ್ತದೆ?

*

ಕಿಟಕಿ ಪಕ್ಕ ಕೂತರೆ ಉತ್ತರ ಕಾಣಿಸುತ್ತದೆ. ಕಿವಿಗೆ ಮಫ್ ಹಾಕಿದ ಸಿಬ್ಬಂದಿ ಚಕ್ರಕ್ಕೆ ಒತ್ತಿಟ್ಟ ಹಳದಿ ಅಡ್ಡೆಗಳನ್ನು ಹಗ್ಗ ಹಿಡಿದು ಎಳೆದೊಯ್ಯುತ್ತಾನೆ, ವಿಮಾನ ಹಿಂದಕ್ಕೆ ಸರಿಯುತ್ತದೆ. ವೇಳಾಪಟ್ಟಿಯ ಲೆಕ್ಕ ಆರಂಭವಾಗುವುದು ಆಗಲೇ. ನೆಲ ಬಿಟ್ಟಾಗ ಅಲ್ಲ. ಆಮೇಲೆ ರನ್‌ವೇ ತುದಿಯವರೆಗೆ ಉರುಳಬೇಕು. ಹಾರಿದ ಮೇಲೂ ಹತ್ತು ಸಾವಿರ ಅಡಿ ದಾಟುವ ತನಕ ಸಾಮಾನ್ಯವಾಗಿ ಗಂಟೆಗೆ 460 ಕಿ.ಮೀ. ಮೀರುವಂತಿಲ್ಲ. ಅತ್ತ ಇಳಿಯುವ ಸರದಿಗೆ ಕಾಯಬೇಕು, ಇಳಿದು ಮತ್ತೆ ಉರುಳಬೇಕು. ಬೆಂಗಳೂರಿಗಾಗಲಿ ದುಬೈಗಾಗಲಿ, ಇಷ್ಟು ಹೊತ್ತನ್ನು ತೆತ್ತೇ ತೀರಬೇಕು.

*

1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಡಕೋಟಾ ವಿಮಾನದಲ್ಲಿ ಬಂದಿಳಿದಾಗ ಬಜಪೆ ನಿಲ್ದಾಣ ಶುರುವಾಯಿತು. ಡಕೋಟಾದ ಓಟ ಗಂಟೆಗೆ ಮುನ್ನೂರು ಕಿ.ಮೀ. ಆಸುಪಾಸು. ಇಂದಿನ ಜೆಟ್ಟಿನದು ಎರಡು ಪಟ್ಟಿಗೂ ಮೇಲೆ. ಆದರೂ ಬೆಂಗಳೂರಿನಂಥ ಸಣ್ಣ ದಾರಿಯಲ್ಲಿ ಆ ವೇಗ ಪೂರ್ತಿ ಕೈಗೆ ಸಿಗುವುದಿಲ್ಲ: ಏರಿ ಮುಗಿಯುವಷ್ಟರಲ್ಲಿ ಇಳಿಯುವ ಹೊತ್ತಾಗಿರುತ್ತದೆ.

*

ದುಬೈ ಗಡಿಯಾರ ನಮಗಿಂತ ಒಂದೂವರೆ ಗಂಟೆ ಹಿಂದೆ. ಹೋಗುವವರ ಕೈಗಡಿಯಾರದಲ್ಲಿ ಪ್ರಯಾಣ ಎರಡೂಕಾಲು ಗಂಟೆ, ಬರುವವರದ್ದರಲ್ಲಿ ಐದರ ಹತ್ತಿರ. ಗಾಳಿಯದೂ ಪಾಲಿದೆ. ಚಳಿಗಾಲದಲ್ಲಿ ಎತ್ತರದಲ್ಲಿ ಪಡುವಣ ಗಾಳಿ ಬೀಸಿ ಊರಿಗೆ ಬರುವವರನ್ನು ದೂಡುತ್ತದೆ. ಮಳೆಗಾಲದಲ್ಲಿ ನಮ್ಮ ತಲೆಯ ಮೇಲೆ, ತೀರಾ ಎತ್ತರದಲ್ಲಿ, ಗಾಳಿ ಮೂಡಣದಿಂದ ಬೀಸುತ್ತದೆ. ಕೆಳಗೆ ಅದೇ ಹೊತ್ತಿಗೆ ಮುಂಗಾರು ಕಡಲ ಕಡೆಯಿಂದ ನುಗ್ಗುತ್ತಿರುತ್ತದೆ. ಒಂದೇ ಆಕಾಶದಲ್ಲಿ ಎರಡು ದಿಕ್ಕು! ಇದರ ಬೆರಗು ನನಗಿನ್ನೂ ಹೋಗಿಲ್ಲ.

*

ಈಗ ಬೆಂಗಳೂರು ದಾರಿಯ ರೈಲು. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಘಟ್ಟ, 57 ಸುರಂಗ, ಐವತ್ತು ಅಡಿ ಸಾಗಿದರೆ ಒಂದು ಅಡಿ ಏರಿಳಿತ. ಇದಿಷ್ಟಕ್ಕೇ ಎರಡು ಗಂಟೆಗೂ ಹೆಚ್ಚು ಬೇಕು. ವಿಮಾನ ಇದೇ ಘಟ್ಟವನ್ನು ಕೆಲವೇ ನಿಮಿಷದಲ್ಲಿ ದಾಟುತ್ತದೆ. ರೈಲಿನ ತಡ ದಾರಿಯ ನಡುವೆ ಇದೆ, ವಿಮಾನದ ತಡ ಎರಡು ತುದಿಗಳಲ್ಲಿದೆ.

*

ಹಾಗಾದರೆ ಇನ್ನೂ ವೇಗದ ವಿಮಾನ ತಂದರೂ ಬೆಂಗಳೂರು ನಮಗೆ ಹೆಚ್ಚು ಹತ್ತಿರವಾಗದು. ಘಟ್ಟದ ಹಳಿಯಲ್ಲಿ ಒಂದು ಗಂಟೆ ಉಳಿಸಿದರೆ ಆಗುತ್ತದೆ. ಒಂದು ವಿಮಾನಕ್ಕಿಂತ ಎಷ್ಟೋ ಪಟ್ಟು ಜನ ಒಂದು ರೈಲಿನಲ್ಲಿದ್ದಾರೆ. ಆಸ್ಪತ್ರೆಗೆ, ಪರೀಕ್ಷೆಗೆ, ಕೆಲಸಕ್ಕೆ ಹೊರಟವರು. ಉಳಿಸುವ ಗಂಟೆ ಮೊದಲು ಅವರಿಗೆ ಸಲ್ಲಬೇಕು.