ತರಗೆಲೆಗೆ ಕಡ್ಡಿ ಗೀರುವ ಮುನ್ನ

ಶಿವರಾತ್ರಿ ಕಳೆಯಿತೆಂದರೆ ಹಿತ್ತಲ ತುಂಬ ಎಲೆಯೋ ಎಲೆ, ಅಲ್ಲವೆ? ಗುಡಿಸಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮತ್ತೊಂದು ರಾಶಿ! ನಾನೂ ಸಂಜೆಗೊಮ್ಮೆ ಎಲ್ಲ ಒಟ್ಟು ಮಾಡಿ ಕಡ್ಡಿ ಗೀರುತ್ತಿದ್ದವಳೇ. ಒಣಹಾಕಿದ ಬಟ್ಟೆಗೆಲ್ಲ ಹೊಗೆ ವಾಸನೆ, ಮಗುವಿಗೆ ಕೆಮ್ಮು. ಆದರೂ ಹಿತ್ತಲು ಚೊಕ್ಕಟವಾಯಿತೆಂಬ ಸಮಾಧಾನ.

ನನ್ನ ತವರು ಶಿರಸಿಯ ಕಡೆ, ಸೇರಿದ್ದು ಹಾವೇರಿಯ ಬಯಲುಸೀಮೆ. ಮದುವೆಯಾಗಿ ಬರುವಾಗ ಆಯಿ ಮಲ್ಲಿಗೆಯ ಟೊಂಗೆಯೊಂದನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಕೊಟ್ಟಿದ್ದಳು. ಅದು ಇಲ್ಲಿ ಬೇರು ಬಿಟ್ಟು ಹೂ ಕೊಟ್ಟಿತು. ಆಯಿ ಈಗಿಲ್ಲ. ಅವಳು ಹೋದ ಮರುವರ್ಷದ ಬೇಸಗೆಯಲ್ಲಿ ನಲ್ಲಿ ನೀರು ಐದು ದಿನಕ್ಕೊಮ್ಮೆ ಬರತೊಡಗಿತು. ಅಡಿಗೆಗೇ ಸಾಲದ ನೀರನ್ನು ಗಿಡಕ್ಕೆ ಹೇಗೆ ಸುರಿಯಲಿ? ಮಲ್ಲಿಗೆಯ ಬುಡ ಬಿರುಕು ಬಿಟ್ಟಿತು, ಎಲೆ ಮುರುಟಿತು. ನೋಡಿದಾಗಲೆಲ್ಲ ಹೊಟ್ಟೆಯಲ್ಲಿ ಸಂಕಟ.

ಒಂದು ದಿನ ಬಚ್ಚಲ ಹಿಂದಿನ ಹೊಂಗೆಯ ಬುಡ ಗುಡಿಸಲು ಹೋದೆ. ತಿಂಗಳಿಂದ ಪೊರಕೆ ಮುಟ್ಟದ ಮೂಲೆ ಅದು. ಎಲೆ ಸರಿಸಿದರೆ ಕೆಳಗಿನ ಮಣ್ಣು ಇನ್ನೂ ತೇವ! ನನ್ನ ಬುದ್ಧಿಗಿಷ್ಟು! ಸೊಪ್ಪಿನಬೆಟ್ಟದಿಂದ ದರಕು ಹೊತ್ತು ತಂದು ಕೊಟ್ಟಿಗೆಗೆ, ಅಡಿಕೆ ತೋಟಕ್ಕೆ ಹಾಸುವುದನ್ನು ಕಾಣುತ್ತಲೇ ಬೆಳೆದವಳು, ಇಲ್ಲಿ ಬಂದು ಅದನ್ನೇ ಸುಡುತ್ತಿದ್ದೆನಲ್ಲ!

ಮಾಡುವ ಕ್ರಮ ಸುಲಭ. ಮೊದಲು ಮಣ್ಣನ್ನು ಸ್ವಲ್ಪ ಕೆದಕಿ ಚೆನ್ನಾಗಿ ನೀರುಣಿಸಿ. ಒಣಮಣ್ಣಿನ ಮೇಲೆ ಹೊದಿಸಿದರೆ ಹೆಚ್ಚೇನೂ ಫಲವಿಲ್ಲ. ಮೇಲೆ ಮೂರು-ನಾಲ್ಕು ಅಂಗುಲ ತರಗೆಲೆ ಹಾಸಿ. ಹಲಸು, ಮಾವಿನಂಥ ದಪ್ಪ ಎಲೆಯನ್ನು ಕೈಯಲ್ಲಿ ಮುರಿದು ಹಾಕಿ, ಇಲ್ಲದಿದ್ದರೆ ನೀರು ಕೆಳಗಿಳಿಯದು. ಗಾಳಿಗೆ ಹಾರದಂತೆ ನಾಲ್ಕು ಕಡ್ಡಿ ಅಡ್ಡ ಇಡಿ. ಬಿಸಿಲು ನೇರ ತಾಗದ್ದರಿಂದ ತೇವ ಬೇಗ ಆರದು, ಬೇರು ತಂಪಾಗಿರುತ್ತದೆ, ಕಳೆಯೂ ಕಡಿಮೆ. ಮಳೆ ಬಿದ್ದ ಮೇಲೆ ಕೊಳೆತು ಗೊಬ್ಬರವಾಗುವುದೂ ಅದೇ.

ನನ್ನ ತಪ್ಪನ್ನೂ ಹೇಳಿಬಿಡುತ್ತೇನೆ. ಉತ್ಸಾಹದಲ್ಲಿ ದಾಸವಾಳದ ಕಾಂಡಕ್ಕೇ ಒತ್ತಿ ಎಲೆ ಪೇರಿಸಿದ್ದೆ. ಮಳೆಗಾಲದಲ್ಲಿ ಬುಡ ಕೊಳೆತು ಗಿಡ ಸತ್ತಿತು. ಆದ್ದರಿಂದ ಕಾಂಡದ ಸುತ್ತ ಒಂದು ಗೇಣು ಬಿಡಿ. ರೋಗ ಬಂದ ಎಲೆ ಬೇಡ. ಗೆದ್ದಲಿನ ಮೇಲೆ ಕಣ್ಣಿರಲಿ. ಚೇಳು, ಹಾವು ಇರಬಹುದು, ಬರಿಗೈ ಹಾಕದೆ ಕೋಲಿನಿಂದ ಸರಿಸಿ ನೋಡಿ.

ಪಕ್ಕದ ಮನೆಯ ಅಜ್ಜಿ ಗೋಡೆಯಾಚೆಯಿಂದ ಇಣುಕಿ, “ಏನವಾ ತಂಗಿ, ಹಿತ್ತಲದಾಗ ತಿಪ್ಪಿ ಹಾಕೀಯಲ್ಲ! ಕಸ ಹೊಡಿಯಾಕ ಬ್ಯಾಸರಾತೇನು?” ಎಂದರು. ನಾಚಿಕೆಯಾಯಿತು, ಆದರೆ ಎಲೆ ತೆಗೆಯಲಿಲ್ಲ. ದಿನವೂ ನೀರು ಬೇಡುತ್ತಿದ್ದ ಬಳ್ಳಿಗೆ ಮೂರು ದಿನಕ್ಕೊಮ್ಮೆ ಅಕ್ಕಿ ತೊಳೆದ ನೀರು ಸಾಕಾಯಿತು. ತಿಂಗಳೊಳಗೆ ಚಿಗುರಿತು. ಮೊದಲ ಮೊಗ್ಗಿನ ದಂಡೆ ಆಯಿಯ ಫೋಟೋಕ್ಕೆ, ಎರಡನೆಯದು ಅಜ್ಜಿಗೆ. ಈಗ ಅಜ್ಜಿಯೇ ಚೀಲ ಹಿಡಿದು ನಮ್ಮ ಹೊಂಗೆಯ ಎಲೆ ಕೇಳಿಕೊಂಡು ಬರುತ್ತಾರೆ!

ನೀವೂ ಇಂದು ಸಂಜೆ ಆ ರಾಶಿಗೆ ಕಡ್ಡಿ ಗೀರಬೇಡಿ. ಒಂದೇ ಒಂದು ಗಿಡದ ಬುಡಕ್ಕೆ ಹಾಸಿ, ನಾಲ್ಕು ದಿನ ಬಿಟ್ಟು ಎಲೆ ಸರಿಸಿ ಮಣ್ಣು ಮುಟ್ಟಿ ನೋಡಿ.