ಸೈಕಲ್ಲು ಹೊರುವವರ ನಾಡಿನಲ್ಲಿ

ಸೈಕಲ್ಲು ಮನುಷ್ಯನನ್ನು ಹೊರುವುದನ್ನು ನಾವೆಲ್ಲರೂ ಕಂಡಿದ್ದೇವೆ. ಮನುಷ್ಯನು ಸೈಕಲ್ಲನ್ನು ಹೆಗಲಿಗೇರಿಸಿಕೊಂಡು, ಕಣಕಾಲು ಮುಳುಗುವ ಕೆಸರಿನಲ್ಲಿ ದಿಣ್ಣೆಯನ್ನು ಓಡಿ ಹತ್ತುವುದನ್ನು ಕಾಣಬೇಕಾದರೆ ಬೆಲ್ಜಿಯಂ ದೇಶದ ಫ್ಲ್ಯಾಂಡರ್ಸ್ ಸೀಮೆಗೆ ಹೋಗಬೇಕು; ಅದೂ ಎಲೆ ಉದುರುವ ಕಾಲದಲ್ಲಿ, ಬುದ್ಧಿವಂತರು ಮನೆಯೊಳಗೆ ಬೆಚ್ಚಗೆ ಕುಳಿತಿರುವ ದಿನಗಳಲ್ಲಿ.

2023ನೆಯ ಇಸವಿಯ ಶರತ್ಕಾಲವನ್ನು ನಾನು ಅಧ್ಯಯನದ ನಿಮಿತ್ತ ಆ ಸೀಮೆಯ ಗೆಂಟ್ ನಗರದಲ್ಲಿ ಕಳೆದೆ. ಸ್ಕೆಲ್ಟ್ ಮತ್ತು ಲೈ ಎಂಬ ಎರಡು ನದಿಗಳು ಕೂಡುವ ಊರು ಅದು. ನಾನು ಬಾಡಿಗೆಗಿದ್ದುದು ಒಂದು ಬ್ರೆಡ್ಡಿನ ಅಂಗಡಿಯ ಮೇಲಿನ ಅಂತಸ್ತಿನಲ್ಲಿ. ಬೆಳಗಿನ ಜಾವ ಎರಡು ಗಂಟೆಗೆ ಕೆಳಗೆ ಒಲೆ ಹೊತ್ತುತ್ತಿತ್ತು. ಮೂರಕ್ಕೆ ಹದವಾಗಿ ಬೆಂದ ಹಿಟ್ಟಿನ ಪರಿಮಳ ಮೆಟ್ಟಿಲೇರಿ ಬಂದು ನನ್ನ ನಿದ್ದೆಯನ್ನು ಕಲಕುತ್ತಿತ್ತು. ಭಾನುವಾರವಂತೂ ಬಿಡುವೇ ಇಲ್ಲ. ‘ಪಿಸ್ತೊಲೆ’ ಎಂಬ ಗರಿಗರಿಯಾದ ದುಂಡು ಬ್ರೆಡ್ಡಿಗಾಗಿ ಎಂಟು ಗಂಟೆಯ ವೇಳೆಗೇ ಬೀದಿಯುದ್ದಕ್ಕೂ ಜನ ನಿಂತಿರುತ್ತಿದ್ದರು.

ಅಂಗಡಿಯ ಯಜಮಾನರಿಗೆ ನಲವತ್ತೊಂಬತ್ತು ವಯಸ್ಸು. ಎತ್ತರದ ಆಳು, ಮಿತಭಾಷಿ. ಭಾನುವಾರ ಮಧ್ಯಾಹ್ನ ಅಂಗಡಿಯ ಬಾಗಿಲು ಹಾಕಿದೊಡನೆ ಹಿಟ್ಟು ಮೆತ್ತಿದ ಬಟ್ಟೆಯನ್ನು ಕಳಚಿ, ಎರಡು ಸೈಕಲ್ಲು, ಎರಡು ಬಕೆಟ್ಟು ಮತ್ತು ಒಂದು ಕುಂಚವನ್ನು ವ್ಯಾನಿಗೆ ತುಂಬಿ, ಹೆಂಡತಿಯೊಡನೆ ಎಲ್ಲಿಗೋ ಹೊರಟುಬಿಡುತ್ತಿದ್ದರು. ಸಂಜೆ ಮರಳಿದಾಗ ಅವರ ಮುಖದಲ್ಲಿ ಕಣ್ಣೆರಡನ್ನು ಬಿಟ್ಟರೆ ಮಿಕ್ಕದ್ದೆಲ್ಲ ಕೆಸರು. ಮೊದಲ ವಾರ ಅಪಘಾತವೆಂದು ತಿಳಿದು ಗಾಬರಿಯಾದೆ. ಎರಡನೆಯ ವಾರವೂ ಅದೇ ಅವತಾರವನ್ನು ಕಂಡಾಗ ವಿಚಾರಿಸದೆ ಇರಲಾಗಲಿಲ್ಲ.

“ಸೈಕ್ಲೋಕ್ರಾಸ್” ಎಂದರು ಯಜಮಾನರು. ಅವರ ಭಾಷೆಯಲ್ಲಿ ಅದಕ್ಕೆ ‘ವೆಲ್ಡ್‌ರೈಡನ್’ ಎಂದು ಹೆಸರು. ಹೊಲದ ಸವಾರಿ ಎಂದು ಅರ್ಥ.

ಈ ಆಟ ಹುಟ್ಟಿದ್ದು ಪಕ್ಕದ ಫ್ರಾನ್ಸಿನಲ್ಲಿ. ರಸ್ತೆಯ ಪಂದ್ಯಗಳು ಮುಗಿದು ಚಳಿ ಹಿಡಿದಾಗ ಸವಾರರ ಕಾಲುಗಳು ಜಡವಾಗಬಾರದಷ್ಟೆ? ಅದಕ್ಕಾಗಿ ಅವರು ಹೊಲ, ಕಾಡು, ಬೇಲಿ, ಹಳ್ಳಗಳನ್ನು ಹಾಯ್ದು ಸೈಕಲ್ಲು ಓಡಿಸುವ ರೂಢಿ ಬೆಳೆಯಿತು. ಸವಾರಿ ಆಗದ ಕಡೆ ಇಳಿದು ಹೊತ್ತುಕೊಂಡು ಓಡುವುದು. ಡೇನಿಯಲ್ ಗೂಸೋ ಎಂಬಾತ 1902ರಲ್ಲಿ ಇದನ್ನು ರಾಷ್ಟ್ರೀಯ ಪಂದ್ಯವಾಗಿಯೇ ಏರ್ಪಡಿಸಿದ. ಒಕ್ತಾವ್ ಲಪೀಜ್ ಎಂಬ ಸವಾರ 1910ರಲ್ಲಿ ಟೂರ್ ದ ಫ್ರಾನ್ಸ್ ಪಂದ್ಯವನ್ನು ಗೆದ್ದು, ಚಳಿಗಾಲದ ಈ ಅಭ್ಯಾಸವೇ ಅದಕ್ಕೆ ಕಾರಣವೆಂದು ಹೇಳಿದ ಮೇಲಂತೂ ಇದರ ಕೀರ್ತಿ ಹರಡಿತು. ಮೊದಲ ವಿಶ್ವ ಪಂದ್ಯ 1950ರಲ್ಲಿ ಪ್ಯಾರಿಸ್ಸಿನಲ್ಲಿ ನಡೆಯಿತು. ಆದರೆ ಇದನ್ನು ಮನೆಮಗುವಿನಂತೆ ಸಾಕಿದವರು ಫ್ಲ್ಯಾಂಡರ್ಸಿನ ಜನ. ಅವರಲ್ಲೊಬ್ಬನಾದ ಎರಿಕ್ ದ ವ್ಲಾಮಿಂಕ್ 1966ರಿಂದ 1973ರ ಅವಧಿಯಲ್ಲಿ ಏಳು ಸಲ ವಿಶ್ವವಿಜೇತನಾದ. ಪುರುಷರಲ್ಲಿ ಇನ್ನೊಬ್ಬನು, ನೆದರ್ಲೆಂಡಿನ ಮಾಥ್ಯೂ ವಾನ್ ದರ್ ಪೂಲ್, ಆ ಸಂಖ್ಯೆಯನ್ನು ಮುಟ್ಟಲು 2025ನೆಯ ಇಸವಿ ಬರಬೇಕಾಯಿತು. ಮಹಿಳೆಯರ ವಿಶ್ವ ಪಂದ್ಯ ಆರಂಭವಾದದ್ದು 2000ದಲ್ಲಿ. ಅಲ್ಲಿ ಮರಿಯಾನ್ನ ವೋಸ್ ಎಂಬಾಕೆ 2022ರ ಹೊತ್ತಿಗೆ ಎಂಟು ಸಲ ಗೆದ್ದಿದ್ದಳು.

ನಮ್ಮ ಯಜಮಾನರು ಇಂತಹ ವೀರರ ಸಾಲಿನವರಲ್ಲ. ಭಾನುವಾರ ಮಧ್ಯಾಹ್ನ ಹಳ್ಳಿಯ ಹುಲ್ಲುಗಾವಲಿನಲ್ಲಿ ನಡೆಯುವ ಹವ್ಯಾಸಿಗಳ ಪಂದ್ಯದಲ್ಲಿ ಅವರು ಕೊನೆಯ ಐದಾರು ಮಂದಿಯಲ್ಲಿ ಒಬ್ಬರು. ಹನ್ನೊಂದು ವರ್ಷಗಳಿಂದಲೂ ಹಾಗೆಯೇ.

“ಗೆಲ್ಲುವ ಆಸೆಯೇ ಇಲ್ಲವೆ?” ಎಂದು ಕೇಳಿದೆ.

“ಇಲ್ಲ. ಒಂದೇ ಒಂದು ಸಲ ಸುತ್ತು ತಿನ್ನಿಸಿಕೊಳ್ಳದೆ ಮುಗಿಸಬೇಕು” ಎಂದರು.

ಈ ಮಾತನ್ನು ವಾಚಕರಿಗೆ ಬಿಡಿಸಿ ಹೇಳಬೇಕು. ಪಂದ್ಯ ನಡೆಯುವುದು ಸುಮಾರು ಮೂರು ಕಿಲೋಮೀಟರಿನ ವರ್ತುಲದಲ್ಲಿ. ಮುಂದಾಳು ಆರು ಸುತ್ತು ಮುಗಿಸಿದನೆಂದರೆ ಪಂದ್ಯ ಮುಗಿಯಿತು. ಅಷ್ಟರಲ್ಲಿ ಅವನು ಹಿಂದಿನಿಂದ ಬಂದು ಯಾರನ್ನು ದಾಟುತ್ತಾನೋ ಅವರಿಗೆ ಆರನೆಯ ಸುತ್ತು ದಕ್ಕುವುದಿಲ್ಲ. ಐದಕ್ಕೇ ಗೆರೆ ದಾಟಿ ಹೊರಬರಬೇಕು. ಮುಂದಾಳಿಗೆ ಒಂದು ಸುತ್ತಿಗೆ ಎಂಟು ನಿಮಿಷ, ಆರಕ್ಕೆ ನಲವತ್ತೆಂಟು. ಆ ನಲವತ್ತೆಂಟು ನಿಮಿಷ ಮುಗಿಯುವ ಮೊದಲು ನಮ್ಮ ಯಜಮಾನರು ಐದು ಸುತ್ತು ಮುಗಿಸಿ ಗೆರೆಯನ್ನು ದಾಟಿದ್ದರೆ ಮಾತ್ರ ಆರನೆಯದು ಅವರದು. ಅಂದರೆ ಸುತ್ತೊಂದಕ್ಕೆ ಒಂಬತ್ತು ನಿಮಿಷ ಮೂವತ್ತಾರು ಸೆಕೆಂಡು. ಹಿಟ್ಟಿನ ಲೆಕ್ಕ ಬರೆಯುವ ಹಲಗೆಯ ಮೂಲೆಯಲ್ಲಿ ಆ ಸಂಖ್ಯೆಯನ್ನು ಸೀಮೆಸುಣ್ಣದಲ್ಲಿ ಬರೆದಿಟ್ಟಿದ್ದರು.

ಬರುವ ವರ್ಷ ಅವರಿಗೆ ಐವತ್ತು ತುಂಬಿ, ಹಿರಿಯರ ವರ್ಗಕ್ಕೆ ಸೇರುವವರಿದ್ದರು. ಅಲ್ಲಿ ಮುಂದಾಳುಗಳೂ ನಿಧಾನ. “ಒಂದು ವರ್ಷ ಕಾದರೆ ತಾನಾಗಿ ಆಗುವ ಕೆಲಸಕ್ಕೆ ಈ ಒದ್ದಾಟ ಏಕೆ?” ಎಂದು ಹೆಂಡತಿ ನನ್ನೆದುರಿಗೇ ಕೇಳಿದರು. “ಅಲ್ಲಿ ಆದರೆ ಅದು ವಯಸ್ಸು ಕೊಟ್ಟದ್ದಾಗುತ್ತದೆ” ಎಂದು ಯಜಮಾನರು ಎದ್ದು ಹೋದರು.

ಅವರ ಅಭ್ಯಾಸವನ್ನು ನೋಡಲು ಒಂದು ಬುಧವಾರ ನಾನೂ ಹೋದೆ. ಗೆಂಟಿನ ಪಶ್ಚಿಮಕ್ಕೆ ಬ್ಲಾರ್‌ಮೇರ್ಸನ್ ಎಂಬ ದೊಡ್ಡ ಉದ್ಯಾನವಿದೆ. ನಡುವೆ ಸರೋವರ, ಬದಿಯಲ್ಲಿ ದಿಬ್ಬ. ನವೆಂಬರಿನಲ್ಲಿ ಅಲ್ಲಿ ಸಂಜೆ ಐದಕ್ಕೇ ಕತ್ತಲು. ಹಣೆಗೆ ದೀಪ ಕಟ್ಟಿಕೊಂಡು ಯಜಮಾನರು ದಿಬ್ಬದ ಬುಡದಲ್ಲಿ ಇಳಿಯುವರು, ಬಲಹೆಗಲಿಗೆ ಸೈಕಲ್ಲನ್ನೇರಿಸಿ ಓಡಿ ಹತ್ತುವರು, ಮೇಲೆ ಮುಟ್ಟಿ ಚಂಗನೆ ಆಸನದ ಮೇಲೆ ಹಾರಿ ಕುಳಿತು ಇಳಿದುಬರುವರು, ಮತ್ತೆ ಹತ್ತುವರು. ಹೀಗೆ ಇಪ್ಪತ್ತು ಸಲ. ಆಮೇಲೆ ನೆಲದಲ್ಲಿ ಎರಡು ಹಲಗೆಗಳನ್ನು ನಿಲ್ಲಿಸಿಕೊಂಡು, ಓಡುತ್ತಿರುವ ಸೈಕಲ್ಲಿನಿಂದ ಎಡಕ್ಕೆ ಜಾರಿ ಇಳಿದು, ಅವನ್ನು ಜಿಗಿದು, ಮತ್ತೆ ಏರುವ ಸಾಧನೆ. ನಿಯಮದಂತೆ ಹಲಗೆಯ ಎತ್ತರ ನಲವತ್ತು ಸೆಂಟಿಮೀಟರನ್ನು ಮೀರಬಾರದು. ನೋಡಲು ಅಷ್ಟೇ, ಉಸಿರು ಕಟ್ಟಿದವನಿಗೆ ಅದೇ ಕೋಟೆಗೋಡೆ.

ಚಕ್ರದ ಗಾಳಿಯದೇ ಇನ್ನೊಂದು ಶಾಸ್ತ್ರ. ಅಂತರರಾಷ್ಟ್ರೀಯ ನಿಯಮದ ಪ್ರಕಾರ ಟೈರಿನ ಅಗಲ ಮೂವತ್ತಮೂರು ಮಿಲಿಮೀಟರನ್ನು ದಾಟುವಂತಿಲ್ಲ. ಆದುದರಿಂದ ಕೆಸರಿನಲ್ಲಿ ಹಿಡಿತ ಸಿಗಬೇಕಾದರೆ ಗಾಳಿ ಕಡಿಮೆಯಿರಬೇಕು. ತೀರ ಕಡಿಮೆಯಾದರೆ ತಿರುವಿನಲ್ಲಿ ಟೈರು ಹೊರಳುತ್ತದೆ. ಯಜಮಾನರು ಹಿಟ್ಟಿನ ಹದ ನೋಡುವಂತೆಯೇ ಹೆಬ್ಬೆರಳಿನಿಂದ ಟೈರನ್ನೊತ್ತಿ ನೋಡಿ, ಒಂದಿಷ್ಟು ಗಾಳಿ ಬಿಡುತ್ತಿದ್ದರು.

ನವೆಂಬರ್ ಒಂದು ಅಲ್ಲಿ ಸಂತರ ಹಬ್ಬ. ಜನ ಸೇವಂತಿಗೆಯ ಕುಂಡಗಳನ್ನು ಹಿಡಿದು ಹಿರಿಯರ ಸಮಾಧಿಗಳಿಗೆ ಹೋಗುವ ದಿನ. ಅದೇ ದಿನ ಔದೆನಾರ್ಡೆ ಪಟ್ಟಣದ ಬಳಿಯ ಕೊಪ್ಪೆನ್‌ಬರ್ಗ್ ದಿಣ್ಣೆಯ ಮೇಲೆ ಹೆಸರಾಂತ ಪಂದ್ಯ. ಗೆಂಟಿನಿಂದ ದಕ್ಷಿಣಕ್ಕೆ ರೈಲಿನಲ್ಲಿ ಅರ್ಧ ಗಂಟೆಯ ದಾರಿ. ಕಲ್ಲು ಹಾಸಿದ ಆ ಇಕ್ಕಟ್ಟು ದಾರಿ ಒಂದೆಡೆ ನೂರಕ್ಕೆ ಇಪ್ಪತ್ತೆರಡರಷ್ಟು ಕಡಿದಾಗಿದೆ. 1987ರ ‘ಟೂರ್ ಆಫ್ ಫ್ಲ್ಯಾಂಡರ್ಸ್’ ರಸ್ತೆ ಪಂದ್ಯದಲ್ಲಿ ಡೆನ್ಮಾರ್ಕಿನ ಯೆಸ್ಪರ್ ಸ್ಕಿಬಿ ಎಂಬ ಸವಾರ ಇಲ್ಲಿ ಬಿದ್ದಾಗ, ಹಿಂದೆ ಬರುತ್ತಿದ್ದ ಅಧಿಕಾರಿಗಳ ಕಾರು ಅವನ ಸೈಕಲ್ಲಿನ ಮೇಲೆಯೇ ಹಾದುಹೋಯಿತು. ಆ ಬಳಿಕ 2002ರವರೆಗೆ ಆ ಪಂದ್ಯ ಈ ದಿಣ್ಣೆಯ ಕಡೆ ಸುಳಿಯಲಿಲ್ಲ. ಕೆಸರಿನ ಸವಾರರಿಗೆ ಮಾತ್ರ ಅಂತಹ ಭಯವಿರಲಿಲ್ಲ. 1988ರಲ್ಲಿಯೇ ಅವರು ಇದರ ಪಕ್ಕದ ಹುಲ್ಲುಗಾವಲಿಗೆ ಇಳಿದರು. ಸ್ವೆನ್ ನೈಸ್ ಎಂಬ ಫ್ಲ್ಯಾಂಡರ್ಸಿನ ವೀರ ಇಲ್ಲಿ ಒಂಬತ್ತು ಸಲ ಗೆದ್ದಿದ್ದಾನೆ.

ಅಂದು ಅಲ್ಲಿ ಕಂಡದ್ದನ್ನು ಜಾತ್ರೆ ಎನ್ನದೆ ಬೇರೇನೆನ್ನಲಿ? ಅಜ್ಜಿಯರು ರಬ್ಬರ್ ಬೂಟು ತೊಟ್ಟು ಬಂದಿದ್ದರು. ಎಲ್ಲೆಡೆ ಕರಿದ ಆಲೂಗಡ್ಡೆಯ ವಾಸನೆ, ಬಿಯರಿನ ಡೇರೆಗಳು, ವಾದ್ಯದ ಗದ್ದಲ. ನಮ್ಮ ಕರಾವಳಿಯ ಕಂಬಳದ ಗದ್ದೆಯ ಬದುವಿನಲ್ಲಿ ನಿಂತಂತೆಯೇ ಆಯಿತು. ಮುಂದಾಳುಗಳು ದಾಟಿ ಎಷ್ಟೋ ಹೊತ್ತಾದ ಮೇಲೆ ಕೊನೆಯ ಸವಾರನೊಬ್ಬ ಸೈಕಲ್ಲು ಹೊತ್ತು ತೂರಾಡುತ್ತ ಬಂದ. ಜನ ನಗುವರೇನೋ ಎಂದುಕೊಂಡೆ. ಅವರು ಮುಂದಾಳಿಗಿಂತಲೂ ಹೆಚ್ಚು ಕೂಗಿ ಅವನನ್ನು ಮೇಲಕ್ಕೆ ಹತ್ತಿಸಿದರು. ಪಕ್ಕದಲ್ಲಿದ್ದ ಯಜಮಾನರು ತಮ್ಮ ಕೈಗಡಿಯಾರವನ್ನೇ ನೋಡುತ್ತಿದ್ದರು.

ಡಿಸೆಂಬರ್ ಬಂತು. ಆರನೆಯ ತಾರೀಖು ಸಂತ ನಿಕೊಲಾಸನ ದಿನ. ಮಕ್ಕಳಿಗೆಲ್ಲ ದಾಲ್ಚಿನ್ನಿ ಬೆರೆಸಿದ ಬಿಸ್ಕತ್ತು ಹಂಚುವ ಹಬ್ಬವಾದುದರಿಂದ ಒಲೆ ಆರಲಿಲ್ಲ. ಯಜಮಾನರು ಮಲಗಲೂ ಇಲ್ಲ. ಅದರ ಹಿಂದೆಯೇ ಕ್ರಿಸ್‌ಮಸ್ಸಿನ ಬೇಡಿಕೆಗಳು. ತಿಂಗಳ ಮೂರನೆಯ ಭಾನುವಾರದ ಪಂದ್ಯವೇ ಅವರ ಪಾಲಿಗೆ ಕೊನೆಯದು.

ಮೂರು ದಿನ ಮಳೆ ಬಿದ್ದಿತ್ತು. ಇಂತಹ ಕೆಸರಿನಲ್ಲಿ ಸೈಕಲ್ಲು ಸುತ್ತು ಮುಗಿಯುವುದರೊಳಗೆ ಮಣ್ಣು ತುಂಬಿ ಭಾರವಾಗುತ್ತದೆ. ಅದನ್ನು ‘ಪಿಟ್’ ಎಂಬ ಗೊತ್ತಾದ ಜಾಗದಲ್ಲಿ ಮಾತ್ರ ಬದಲಿಸಿಕೊಳ್ಳಬಹುದು. ಕೊಳೆಯಾದದ್ದನ್ನು ಹಿಡಿದು ತೊಳೆಯಲು ಒಬ್ಬರು, ತೊಳೆದದ್ದನ್ನು ಕೊಡಲು ಇನ್ನೊಬ್ಬರು ಬೇಕು. ತೊಳೆಯುವುದು ಹೆಂಡತಿಯ ಕೆಲಸ. ಕೊಡಲು ಬರುತ್ತಿದ್ದ ಅವರ ಸೋದರಳಿಯ ಅಂದು ಜ್ವರದಿಂದ ಮಲಗಿದ್ದ. “ನೀವು ಬರುವಿರಾ?” ಎಂದರು ಆಕೆ. ಹಳಗನ್ನಡ ಪಾಠ ಹೇಳುವವನ ಕೈಗೆ ಇಂತಹ ಹೊಣೆ ಬಂತು.

ಪಂದ್ಯ ಹೊರಟಿತು. ಮೊದಲ ಸುತ್ತು ಒಂಬತ್ತು ನಿಮಿಷ ಹತ್ತು ಸೆಕೆಂಡು. ಎರಡನೆಯದು ಒಂಬತ್ತು ಇಪ್ಪತ್ತೈದು. ಆಕೆ ಬಕೆಟ್ಟಿನ ನೀರೆರಚಿ ಕುಂಚದಿಂದ ಉಜ್ಜುತ್ತಲೇ ಸಮಯವನ್ನು ಕೂಗುತ್ತಿದ್ದರು. ಮೂರನೆಯ ಸುತ್ತಿನಲ್ಲಿ ಯಜಮಾನರು ಓಡಿಬಂದು ನನ್ನ ಕೈಯಿಂದ ಸೈಕಲ್ಲನ್ನು ಸೆಳೆದುಕೊಂಡು ಏರಿದರು. ಪೆಡಲು ಗರಗರನೆ ಸುಮ್ಮನೆ ತಿರುಗಿತು. ನಾನು ಹಿಡಿದು ನಿಂತಿದ್ದಾಗ ಎಲ್ಲಿಯೋ ತಾಗಿ ಚೈನು ಕಳಚಿಹೋಗಿತ್ತು! ಅವರು ಇಳಿದು, ಬಗ್ಗಿ, ಚೈನು ಹಾಕಿಕೊಂಡು ಹೋದರು. ನನ್ನ ಕಡೆ ತಿರುಗಿ ಸಹ ನೋಡಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಆ ಸುತ್ತು ಒಂಬತ್ತು ಐವತ್ತೈದು.

ನಾಲ್ಕನೆಯದು ಒಂಬತ್ತು ನಲವತ್ತು. ನಾನು ಮನಸ್ಸಿನಲ್ಲಿ ಕೂಡಿ ಕಳೆದು ನೋಡಿದೆ. ಐದನೆಯ ಸುತ್ತಿಗೆ ಉಳಿದದ್ದು ಒಂಬತ್ತು ನಿಮಿಷ ಐವತ್ತು ಸೆಕೆಂಡು. ದಣಿವು ಏರುತ್ತಿದೆ, ಕೆಸರು ಕಡೆದು ಅಂಟಾಗಿದೆ. ಮುಂದಾಳಿಗೆ ಕೊನೆಯ ಸುತ್ತಿನ ಗಂಟೆ ಬಾರಿಸಿದ್ದಾರೆ. ಪಿಟ್ಟಿನಿಂದ ಗೆರೆ ಕಾಣುತ್ತಿತ್ತು. ಆಕೆ ಕುಂಚವನ್ನು ಕೆಳಗಿಟ್ಟು ಎದ್ದು ನಿಂತರು.

ದೂರದ ತಿರುವಿನಲ್ಲಿ ಒಂದು ಮಣ್ಣಿನ ಆಕೃತಿ ಕಾಣಿಸಿತು. ಅದರ ಹಿಂದೆಯೇ ಇನ್ನೊಂದು. ಮೊದಲನೆಯದು ನಮ್ಮ ಯಜಮಾನರು. ಎರಡನೆಯದು, ಅವರಿಗಿಂತ ಹತ್ತು ವರ್ಷ ಕಿರಿಯನಾದ ಮುಂದಾಳು. ನೂರು ಗಜದ ನೇರ ದಾರಿ. ನಡುವಿನ ಅಂತರ ಕರಗುತ್ತ ಬಂತು. ನಾನು ಕನ್ನಡದಲ್ಲಿಯೇ ಕೂಗಿದೆನೆಂದು ಆಮೇಲೆ ಆಕೆ ಹೇಳಿದರು. ಯಜಮಾನರು ಗೆರೆಯನ್ನು ದಾಟಿದರು. ನಾಲ್ಕು ಸೆಕೆಂಡಿನ ಬಳಿಕ ಮುಂದಾಳು ಎರಡು ಕೈಗಳನ್ನೂ ಮೇಲೆತ್ತಿ ಅದೇ ಗೆರೆಯನ್ನು ದಾಟಿದ. ಅವನ ಪಂದ್ಯ ಮುಗಿದಿತ್ತು. ಇವರದಕ್ಕೆ ಇನ್ನೂ ಒಂದು ಸುತ್ತು ಉಳಿದಿತ್ತು.

ಆಗಲೇ ನನಗೆ ಈ ಆಟದ ವಿಚಿತ್ರ ಹೊಳೆದದ್ದು. ಹನ್ನೊಂದು ವರ್ಷ ಹೆಣಗಿ ಅವರು ಸಂಪಾದಿಸಿದ ಬಹುಮಾನವೆಂದರೆ ಇನ್ನೂ ಮೂರು ಕಿಲೋಮೀಟರು ಕೆಸರು! ಸುತ್ತು ತಿನ್ನಿಸಿಕೊಂಡವರು ಆಗಲೇ ಹೊರಬಂದು ಕಂಬಳಿ ಹೊದ್ದು ಬಿಸಿ ಸೂಪು ಕುಡಿಯುತ್ತಿದ್ದರು. ಹತ್ತು ನಿಮಿಷ ಕಳೆಯಿತು. ವಿಜೇತನ ಕೈಗೆ ಹೂಗೊಂಚಲೂ ಬಂತು. ಹಗ್ಗ ಸುತ್ತುತ್ತಿದ್ದ ಕಾರ್ಯಕರ್ತರಿಬ್ಬರು ಮಾತ್ರ ಕೆಲಸ ನಿಲ್ಲಿಸಿ ಕಾದು ನಿಂತಿದ್ದರು. ಕೊನೆಗೆ ಮಬ್ಬು ಬೆಳಕಿನಲ್ಲಿ ಆ ಮಣ್ಣಿನ ಆಕೃತಿ ಮತ್ತೆ ಮೂಡಿಬಂತು. ಅವಸರವಿರಲಿಲ್ಲ. ಹಲಗೆಗಳ ಬಳಿ ಕ್ರಮವಾಗಿ ಇಳಿದರು, ಹೊತ್ತರು, ದಾಟಿದರು, ಏರಿದರು. ಆರನೆಯ ಸುತ್ತು ಮುಗಿಯಿತು.

ನಾನು ಕ್ಷಮೆ ಕೇಳಲು ಹೋದೆ. “ಚೈನು ಯಾರ ಕೈಯಲ್ಲಾದರೂ ಕಳಚುತ್ತದೆ” ಎಂದು ಕೆಸರುಗೈಯಿಂದಲೇ ನನ್ನ ಕೈ ಕುಲುಕಿದರು. ಹೆಂಡತಿ ಏನೂ ಹೇಳಲಿಲ್ಲ. ಬಕೆಟ್ಟಿನಲ್ಲಿ ಉಳಿದಿದ್ದ ನೀರಿನಿಂದ ಮೊದಲು ಅವರ ಮುಖವನ್ನು ತೊಳೆದರು, ಆಮೇಲೆ ಸೈಕಲ್ಲನ್ನು.

ಮರುದಿನ ಬೆಳಗಿನ ಜಾವ ಎರಡು ಗಂಟೆಗೆ ಎಂದಿನಂತೆ ಕೆಳಗೆ ಒಲೆ ಹೊತ್ತಿತು. ನಾನು ಬ್ರೆಡ್ಡಿಗಾಗಿ ಇಳಿದು ಹೋದಾಗ ಲೆಕ್ಕದ ಹಲಗೆಯನ್ನು ನೋಡಿದೆ. ಒಂಬತ್ತು ಮೂವತ್ತಾರು ಅಳಿಸಿಹೋಗಿತ್ತು. ಅಲ್ಲಿ ಕ್ರಿಸ್‌ಮಸ್ಸಿಗೆ ಬೇಕಾದ ಹಿಟ್ಟಿನ ಲೆಕ್ಕವಿತ್ತು.